ಸಿದ್ಧ ಪ್ಯಾಕೇಜ್‌ಗಳನ್ನು ಮುನ್ಸೂಚನೆಯಿಲ್ಲದೆ ಚಂದಾದಾರರಿಗಷ್ಟೇ ಸೀಮಿತಗೊಳಿಸಿದ್ದರ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಬಳಕೆದಾರರ ಸೇವಾ ವಿಭಾಗ

ವಿಷಯ: ತಮ್ಮ ಕಡತ ಸಂಗ್ರಹ ತಂತ್ರಾಂಶದ ಉಚಿತ ಪ್ಯಾಕೇಜ್‌ಗಳನ್ನೂ ಭದ್ರತಾ ಅಪ್‌ಡೇಟ್‌ಗಳನ್ನೂ ಹಠಾತ್ತನೆ ನಿಲ್ಲಿಸಿರುವ ಕುರಿತು.

ಮಾನ್ಯರೇ,

ಹಳೆಯ ಕನ್ನಡ ಪುಸ್ತಕ, ಪತ್ರಿಕೆ ಮತ್ತು ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಿ ಕಾಪಿಡುವ ಶಿವಮೊಗ್ಗದ ಒಂದು ಸಣ್ಣ ಟ್ರಸ್ಟಿನ ಕಂಪ್ಯೂಟರ್ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮ ಸಂಗ್ರಹವೆಲ್ಲ ಇರುವುದು ತಮ್ಮ ತಂತ್ರಾಂಶದಿಂದ ನಡೆಯುವ ಸರ್ವರ್‌ಗಳಲ್ಲಿ. ಪುಕ್ಕಟೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ನಾವು ಅದನ್ನು ಆರಿಸಿಕೊಂಡವರಲ್ಲ. ತಂತ್ರಾಂಶದ ಮೂಲ ಬರಹವಾದ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುವುದರಿಂದ, ನಾಳೆ ಕಂಪನಿಯೇ ಮುಚ್ಚಿದರೂ ನಮ್ಮ ಕಡತಗಳು ನಮ್ಮ ಕೈತಪ್ಪುವುದಿಲ್ಲ ಎಂಬ ಧೈರ್ಯವಿತ್ತು. ಸಮುದಾಯ ಆವೃತ್ತಿ ಯಾವಾಗಲೂ ಉಚಿತವಾಗಿಯೇ ದೊರೆಯುತ್ತದೆ ಎಂದು ತಾವೂ ಬರೆದುಕೊಂಡಿದ್ದಿರಿ.

ಕಳೆದ ತಿಂಗಳು ಅಪ್‌ಡೇಟ್ ಮಾಡಲು ಹೊರಟಾಗ ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳುವ ತಮ್ಮ ಆನ್‌ಲೈನ್ ಭಂಡಾರ, ಅಂದರೆ ರೆಪೊಸಿಟರಿಯು, ಚಂದಾದಾರರ ಕೀಲಿಯನ್ನು ಕೇಳಿತು. ವಿಚಾರಿಸಿದಾಗ, ಸೋರ್ಸ್ ಕೋಡ್ ಈಗಲೂ ಮುಕ್ತವಾಗಿದೆಯೆಂದೂ, ನೇರವಾಗಿ ಹಾಕಿಕೊಳ್ಳಬಹುದಾದ ಸಿದ್ಧ ಪ್ಯಾಕೇಜ್, ಕಂಟೇನರ್ ಇಮೇಜ್ (ತಂತ್ರಾಂಶವನ್ನು ಅದಕ್ಕೆ ಬೇಕಾದದ್ದರೊಡನೆ ಕಟ್ಟಿಟ್ಟ ಕಡತ) ಮತ್ತು ಪರೀಕ್ಷಿಸಿದ ಭದ್ರತಾ ತಿದ್ದುಪಡಿಗಳು ಮಾತ್ರ ಪ್ರತಿ ಸರ್ವರ್‌ಗೆ ಇಂತಿಷ್ಟು ಡಾಲರ್ ವಾರ್ಷಿಕ ಚಂದಾ ಕಟ್ಟಿದವರಿಗೆ ಎಂದೂ ತಿಳಿಯಿತು. ಹಳೆಯ ಆವೃತ್ತಿಗಳ ಪ್ಯಾಕೇಜ್‌ಗಳನ್ನೂ ತೆಗೆದುಹಾಕಲಾಗಿದೆ. ಇಷ್ಟಕ್ಕೂ ಬಳಕೆದಾರರಿಗೆ ಸಿಕ್ಕ ಸೂಚನೆಯೆಂದರೆ ಬಿಡುಗಡೆ ಟಿಪ್ಪಣಿಯ ತುದಿಯಲ್ಲಿದ್ದ ಒಂದು ಸಾಲು.

ಹಣ ಕೇಳಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಮುಕ್ತ ತಂತ್ರಾಂಶವನ್ನು ಮಾರಬಾರದೆಂಬ ನಿಯಮ ಎಂದೂ ಇರಲಿಲ್ಲ. ಮುಕ್ತ ತಂತ್ರಾಂಶ ಚಳವಳಿಯನ್ನು ಆರಂಭಿಸಿದ ರಿಚರ್ಡ್ ಸ್ಟಾಲ್‌ಮನ್ ಅವರೇ 1985ರಲ್ಲಿ ತಮ್ಮ ಪಠ್ಯ ಸಂಪಾದಕ ತಂತ್ರಾಂಶ ಇಮ್ಯಾಕ್ಸ್ ಅನ್ನು ಟೇಪಿಗೆ ತುಂಬಿ 150 ಡಾಲರಿಗೆ ಕಳುಹಿಸುತ್ತಿದ್ದರು. ಎಂಜಿನಿಯರುಗಳಿಗೆ ಸಂಬಳ ಕೊಡಬೇಕೆಂಬುದೂ, ದೊಡ್ಡ ಕ್ಲೌಡ್ ಕಂಪನಿಗಳು ಇಂಥ ತಂತ್ರಾಂಶದಿಂದ ಗಳಿಸಿದ್ದರಲ್ಲಿ ಅದನ್ನು ಕಟ್ಟಿದವರಿಗೆ ಎಷ್ಟೋ ಸಲ ಏನೂ ತಲುಪುವುದಿಲ್ಲವೆಂಬುದೂ ನನಗೆ ಗೊತ್ತಿದೆ. ಆರು ತಿಂಗಳು ಮೊದಲೇ ತಿಳಿಸಿ, ಟ್ರಸ್ಟುಗಳಿಗೆ ಭರಿಸಲಾಗುವ ದರವನ್ನಿಟ್ಟಿದ್ದರೆ ನಾವು ಆಡಳಿತ ಮಂಡಳಿಯ ಮುಂದೆ ಅದನ್ನಿಟ್ಟು ಒಪ್ಪಿಗೆ ಪಡೆಯುತ್ತಿದ್ದೆವು.

ನನ್ನ ಮುಖ್ಯ ಆಕ್ಷೇಪ ಭದ್ರತಾ ತಿದ್ದುಪಡಿಗಳ ಬಗ್ಗೆ. ಒಂದು ದೋಷವನ್ನು ಸರಿಪಡಿಸಿದ ಕೋಡ್ ಸಾರ್ವಜನಿಕ ರೆಪೊಸಿಟರಿಗೆ ಬಂದ ಕ್ಷಣದಿಂದ, ಆ ದೋಷ ಎಲ್ಲಿತ್ತೆಂಬುದು ದಾಳಿಕೋರರಿಗೂ ತಿಳಿದುಹೋಗುತ್ತದೆ. ಅದೇ ಹೊತ್ತಿಗೆ ಪ್ಯಾಕೇಜನ್ನು ಹಣ ಕೊಟ್ಟವರಿಗಷ್ಟೇ ಕೊಟ್ಟರೆ, ಉಳಿದವರ ಸರ್ವರ್‌ಗಳು ಗೊತ್ತಿರುವ ದೋಷವನ್ನು ಹೊತ್ತುಕೊಂಡೇ ನಡೆಯಬೇಕಾಗುತ್ತದೆ. ಇದನ್ನು ವಿವರಿಸಿ ಬರೆದಾಗ, ಸೋರ್ಸ್ ಕೋಡಿನಿಂದ ನಾವೇ ಪ್ಯಾಕೇಜ್ ಕಟ್ಟಿಕೊಳ್ಳಬಹುದು, ಅಂದರೆ ಕಂಪೈಲ್ ಮಾಡಿಕೊಳ್ಳಬಹುದೆಂಬ ಉತ್ತರ ತಮ್ಮ ವಿಭಾಗದಿಂದ ಬಂತು. ಎಂಜಿನಿಯರ್ ಇಲ್ಲದ ಸಂಸ್ಥೆಗೆ ಅದು ಸಾಧ್ಯವಿಲ್ಲ. ಗುರುತಿಲ್ಲದ ಯಾರೋ ಕಟ್ಟಿಕೊಟ್ಟ ಪ್ಯಾಕೇಜನ್ನು ಬಳಸುವುದು ಅದಕ್ಕಿಂತ ಅಪಾಯಕರ. 2024ರ ಮಾರ್ಚ್‌ನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಯುಟಿಲ್ಸ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳ ಪ್ರವೇಶಕ್ಕೆಂದು ಅಡಗಿಸಿಟ್ಟ ಹಿಂಬಾಗಿಲೊಂದು ಪತ್ತೆಯಾದಾಗ, ಅದನ್ನು ಚಾಲನೆಗೊಳಿಸುವ ತುಣುಕು ಇದ್ದದ್ದು ಬಿಡುಗಡೆಗೆಂದು ಕಟ್ಟಿಟ್ಟ ಕಡತದಲ್ಲಿ (ಟಾರ್‌ಬಾಲ್), ಎಲ್ಲರೂ ಕೋಡ್ ನೋಡುವ ಗಿಟ್ ರೆಪೊಸಿಟರಿಯಲ್ಲಲ್ಲ. ಕೋಡ್ ತೆರೆದಿದ್ದರಷ್ಟೇ ಸಾಲದು, ಅದನ್ನು ಕಟ್ಟಿ ಸಹಿ ಹಾಕಿದವರು ಯಾರೆಂಬುದೂ ಅಷ್ಟೇ ಮುಖ್ಯ. ತಮ್ಮ ಸಹಿಯಿದ್ದ ಪ್ಯಾಕೇಜನ್ನು ನಾವು ಕಣ್ಣುಮುಚ್ಚಿ ಹಾಕಿಕೊಳ್ಳುತ್ತಿದ್ದೆವು.

ಇನ್ನೊಂದು ಮಾತು. ಈ ತಂತ್ರಾಂಶದ ಕನ್ನಡ ಇಂಟರ್‌ಫೇಸ್‌ನ ಬಹುಪಾಲು ನಮ್ಮ ಸ್ವಯಂಸೇವಕರ ದುಡಿಮೆ. ಒತ್ತಕ್ಷರಗಳಿರುವ ಕಡತದ ಹೆಸರುಗಳು ಹುಡುಕಾಟದಲ್ಲಿ ಸಿಗದಿದ್ದ ಬಗ್ ಅನ್ನು ವರದಿ ಮಾಡಿ, ತಿದ್ದುಪಡಿ ಪರೀಕ್ಷಿಸಿಕೊಟ್ಟವರೂ ಅವರೇ. ತಮ್ಮ ಕೊಡುಗೆಯನ್ನು ಬಳಸುವ ಹಕ್ಕನ್ನು ಕಂಪನಿಗೆ ಕೊಡುವ ಕೊಡುಗೆದಾರರ ಒಪ್ಪಂದಕ್ಕೆ ಅವರು ಸಹಿ ಹಾಕಿರುವುದರಿಂದ ಕಾನೂನಿನ ಪ್ರಕಾರ ತಮ್ಮನ್ನು ಪ್ರಶ್ನಿಸಲಾಗದು. ಆದರೂ ಅವರು ದುಡಿದದ್ದು ಎಲ್ಲರಿಗೂ ಸಿಗುವ ವಸ್ತುವಿಗಾಗಿ. ಈಗ ಅವರಿಗೆ ನಾನು ಏನು ಹೇಳಲಿ?

ಇಂಥ ನಿರ್ಧಾರಗಳ ಫಲ ತಮಗೆ ತಿಳಿಯದ್ದಲ್ಲ. 2029ರವರೆಗೆ ನಡೆಯಬೇಕಿದ್ದ ಉಚಿತ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಸೆಂಟ್‌ಓಎಸ್ 8 ಅನ್ನು 2021ರ ಕೊನೆಗೇ ನಿಲ್ಲಿಸುವುದಾಗಿ 2020ರ ಡಿಸೆಂಬರ್‌ನಲ್ಲಿ ಘೋಷಿಸಿದಾಗ ಅದರ ಜಾಗ ತುಂಬಲು ರಾಕಿ ಲಿನಕ್ಸ್ ಮತ್ತು ಆಲ್ಮಾ ಲಿನಕ್ಸ್ ಹುಟ್ಟಿಕೊಂಡವು. 2024ರ ಮಾರ್ಚ್‌ನಲ್ಲಿ ದತ್ತಾಂಶ ಸಂಗ್ರಹ ತಂತ್ರಾಂಶ ರೆಡಿಸ್ ತನ್ನ ಮುಕ್ತ ಪರವಾನಗಿಯನ್ನು ಬದಲಿಸಿದ ಕೆಲವೇ ದಿನಗಳಲ್ಲಿ, ಅದರದೇ ಕೋಡಿನಿಂದ ಕವಲೊಡೆದ ವಾಲ್ಕಿ ಲಿನಕ್ಸ್ ಫೌಂಡೇಶನ್ನಿನಡಿ ಆರಂಭವಾಯಿತು. 2025ರಲ್ಲಿ ರೆಡಿಸ್ ಮುಕ್ತ ಪರವಾನಗಿಯನ್ನು ಮರಳಿ ಸೇರಿಸಿದರೂ ಅಷ್ಟರಲ್ಲಿ ವಾಲ್ಕಿ ತನ್ನ ಕಾಲ ಮೇಲೆ ನಿಂತಿತ್ತು. ಆದರೆ 2023ರ ಮಾರ್ಚ್‌ನಲ್ಲಿ ಉಚಿತ ತಂಡಗಳ ಖಾತೆಯನ್ನು ಮುಚ್ಚಲು ಹೊರಟಿದ್ದ, ಕಂಟೇನರ್ ಇಮೇಜ್‌ಗಳನ್ನು ಹಂಚುವ ಡಾಕರ್ ಕಂಪನಿ, ಬಳಕೆದಾರರ ಕ್ಷಮೆ ಕೇಳಿ, ಅದೇ ತಿಂಗಳು ನಿರ್ಧಾರವನ್ನು ಹಿಂಪಡೆಯಿತು. ತಾವೂ ಹಾಗೆ ಮಾಡಬಹುದು.

ಹಣ ಕೊಡದೆ ಪಡೆದ ಸೇವೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುವುದಿಲ್ಲವೆಂದು ಬಲ್ಲೆ. ಆದ್ದರಿಂದಲೇ ನೇರವಾಗಿ ತಮ್ಮನ್ನು ಕೇಳುತ್ತಿದ್ದೇನೆ. ಈಗ ಬಳಕೆಯಲ್ಲಿರುವ ಆವೃತ್ತಿಗೆ ಕನಿಷ್ಠ ಒಂದು ವರ್ಷ ತಮ್ಮ ಸಹಿಯಿರುವ ಭದ್ರತಾ ಪ್ಯಾಕೇಜ್‌ಗಳನ್ನು ಎಲ್ಲರಿಗೂ ಒದಗಿಸಬೇಕು, ತೆಗೆದುಹಾಕಿದ ಹಳೆಯ ಪ್ಯಾಕೇಜ್‌ಗಳನ್ನು ಮರಳಿ ಇಡಬೇಕು, ಪ್ಯಾಕೇಜ್ ಕಟ್ಟುವ ಸ್ಕ್ರಿಪ್ಟ್‌ಗಳನ್ನು ಪ್ರಕಟಿಸಬೇಕು. ಸೋರ್ಸ್ ಕೋಡಿನ ಪರವಾನಗಿಯನ್ನೂ ಬದಲಿಸುವ ಉದ್ದೇಶವಿದೆಯೇ ಎಂಬುದಕ್ಕೆ ಲಿಖಿತ ಉತ್ತರ ಬೇಕು. 30 ದಿನಗಳೊಳಗೆ ಉತ್ತರ ಬಾರದಿದ್ದರೆ ನಮ್ಮ ಸಂಗ್ರಹವನ್ನು ಬೇರೆ ತಂತ್ರಾಂಶಕ್ಕೆ ಸಾಗಿಸುವ ಕೆಲಸ ಆರಂಭಿಸುತ್ತೇವೆ, ಮತ್ತು ಕನ್ನಡ ಅನುವಾದದ ಮುಂದಿನ ಕೆಲಸ ಅಲ್ಲಿ ನಡೆಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ವ್ಯವಸ್ಥೆಯ ಮೇಲ್ವಿಚಾರಕ,
ಶಿವಮೊಗ್ಗ