ಬೋರ್ಡ್ ಪಾಠಕ್ಕೆ 60 ಫ್ರೇಮ್ ಯಾಕೆ?

ಮಾನ್ಯ ಸಂಪಾದಕರೇ,

ನಿವೃತ್ತಿಯಾದ ಮೇಲೆ, ಕಾಲೇಜಿನಲ್ಲಿ ಅರ್ಧಕ್ಕೇ ಕೈಬಿಟ್ಟಿದ್ದ ಕ್ಯಾಲ್ಕುಲಸ್ ಮತ್ತೆ ಕಲಿಯುತ್ತಿದ್ದೇನೆ. ಪಾಠ ಇಂಟರ್ನೆಟ್ಟಿನಲ್ಲಿ, ನೋಡುವುದು ಮಗ ಬಿಟ್ಟುಹೋದ ಹಳೆ ಲ್ಯಾಪ್‌ಟಾಪಿನಲ್ಲಿ.

ಮೇಷ್ಟ್ರು ಬೋರ್ಡಿನ ಮುಂದೆ ನಿಂತು ಬರೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಅಷ್ಟೇ. ಆದರೂ ಆ ಪಾಠವನ್ನು ಸೆಕೆಂಡಿಗೆ 60 ಫ್ರೇಮಿನಲ್ಲಿ, ಅಂದರೆ 60 ಬಿಡಿ ಚಿತ್ರಗಳಲ್ಲಿ, ಶೂಟ್ ಮಾಡಿ ಹಾಕಿದ್ದಾರೆ. 720ಪಿ ಅನ್ನುವ ಸ್ಪಷ್ಟತೆಯಲ್ಲಿ ನೋಡಲು ಕೂತರೆ ಎರಡೇ ನಿಮಿಷಕ್ಕೆ ಫ್ಯಾನ್ ಬುಸುಗುಟ್ಟುತ್ತದೆ. ಚಿತ್ರ ನಿಂತು ನಿಂತು ಓಡುತ್ತದೆ. ಮಾತು ಮುಂದೆ ಹೋಗಿರುತ್ತದೆ, ಸೀಮೆಸುಣ್ಣ ಮಾತ್ರ ಇನ್ನೂ ಹಿಂದಿನ ಸಾಲಿನಲ್ಲೇ ಇರುತ್ತದೆ.

ಪ್ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಒಳಗಿನ ಲೆಕ್ಕ ಕಾಣುತ್ತದೆ ಅಂತ ಮಗ ಫೋನಿನಲ್ಲಿ ಹೇಳಿಕೊಟ್ಟ. ತೆಗೆದು ನೋಡಿದೆ. ಒಂದು ನಿಮಿಷಕ್ಕೆ 3,600 ಫ್ರೇಮ್. ಅದರಲ್ಲಿ ಸಾವಿರದಷ್ಟು ‘ಡ್ರಾಪ್’ ಆಗಿದ್ದವು! ನಾನು ಡೇಟಾ ಖರ್ಚು ಮಾಡಿ ತರಿಸಿಕೊಂಡದ್ದನ್ನು ಯಂತ್ರ ತೋರಿಸಲಾಗದೆ ಬಿಸಾಡಿತ್ತು. 60 ಫ್ರೇಮ್ ಅಂದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್ ಮಾತ್ರ. 30 ಆದರೆ ಅದರ ಎರಡರಷ್ಟು. ಸಾಲದ್ದಕ್ಕೆ, ವಿಡಿಯೊವನ್ನು ಕುಗ್ಗಿಸಿ ಕಳಿಸಲು ಈಗ ಬಳಕೆಯಲ್ಲಿರುವ ವಿಪಿ9, ಎವಿ1 ಕೋಡೆಕ್‌ಗಳನ್ನು ಬಿಡಿಸುವ ಸೌಲಭ್ಯ ಹಳೆ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಇಲ್ಲ. ಎಲ್ಲ ಹೊರೆ ಸಿಪಿಯು ತಲೆಗೆ. ಫ್ಯಾನ್ ಇನ್ನೇನು ಮಾಡೀತು ಪಾಪ?

ಕ್ವಾಲಿಟಿ ಇಳಿಸಿ ಅನ್ನುತ್ತಾರೆ. ಇಳಿಸಿದೆ. 480ಕ್ಕೆ ಬಂದರೆ ಫ್ರೇಮೂ ತಾನಾಗೇ 30ಕ್ಕೆ ಇಳಿಯುತ್ತದೆ, ಫ್ಯಾನ್ ಸುಮ್ಮನಾಗುತ್ತದೆ. ಆದರೆ ಬೋರ್ಡ್ ಮಸುಕು. ಮೊನ್ನೆ ಎಕ್ಸ್ ತಲೆಯ ಮೇಲಿದ್ದ ಪುಟಾಣಿ 3 ನನಗೆ 2ರಂತೆ ಕಂಡಿತು. ಎಕ್ಸ್ ವರ್ಗ ಅಂದುಕೊಂಡು, ಅದರ ಡೆರಿವೇಟಿವ್ (ಘಾತ ಮುಂದೆ ಬಂದು, ಮೇಲೆ ಒಂದು ಕಡಿಮೆಯಾಗುವ ಲೆಕ್ಕ) 2 ಎಕ್ಸ್ ಅಂತ ಉತ್ತರ ಬರೆದೆ. ಮೇಷ್ಟ್ರ ಉತ್ತರದಲ್ಲಿ 3 ಎಕ್ಸ್ ವರ್ಗ. ಆ 3 ಎಲ್ಲಿಂದ ಬಂತು ಅಂತ ಮುಕ್ಕಾಲು ಗಂಟೆ ತಲೆ ಕೆರೆದುಕೊಂಡೆ.

ನನಗೆ 720ರ ಸ್ಪಷ್ಟತೆ ಬೇಕು, 30 ಫ್ರೇಮ್ ಸಾಕು. ಮೆನುವಿನಲ್ಲಿ ಅದೊಂದೇ ಇಲ್ಲ. ಚೆಂಡಾಟಕ್ಕೆ, ವಿಡಿಯೊ ಗೇಮಿಗೆ 60 ಇರಲಿ, ಚೆನ್ನಾಗಿಯೇ ಕಾಣುತ್ತದೆ. ಆದರೆ ಸಿನಿಮಾ ಮಾತು ಕಲಿತ ಕಾಲದಿಂದ 24 ಫ್ರೇಮಿನಲ್ಲೇ ಓಡುತ್ತಿದೆ ಅಲ್ವಾ? ಸೀಮೆಸುಣ್ಣಕ್ಕೆ ಅದಕ್ಕಿಂತ ಜಾಸ್ತಿ ಅವಸರವೇ?

60 ಫ್ರೇಮನ್ನು ತಡೆಯುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳಿವೆ. ಹಾಕಿ ನೋಡಿದೆ. ತಾಣದವರ ಬಳಿ 720ರ 30 ಫ್ರೇಮ್ ಪ್ರತಿಯೇ ಇಲ್ಲದ ಮೇಲೆ ಅದು ತಾನೇ ಏನು ಕೊಟ್ಟೀತು? ಮತ್ತೆ 480ಕ್ಕೇ ಬಂದು ನಿಂತಿತು. ಬಂದ ವಿಡಿಯೊದಲ್ಲಿ ಒಂದು ಬಿಟ್ಟು ಒಂದು ಫ್ರೇಮ್ ನಾವೇ ತೆಗೆಯೋಣ ಅಂದರೆ ಡೇಟಾ ಆಗಲೇ ಖರ್ಚಾಗಿರುತ್ತದೆ. ಒಂದು ಫ್ರೇಮ್ ಸಾಮಾನ್ಯವಾಗಿ ಅಕ್ಕಪಕ್ಕದ ಫ್ರೇಮನ್ನು ನೆಚ್ಚಿಕೊಂಡಿರುವುದರಿಂದ, ತೋರಿಸದ ಚಿತ್ರವನ್ನೂ ಯಂತ್ರ ಬಹುಪಾಲು ಬಿಡಿಸಲೇಬೇಕು. ಹಾಗಾಗಿ ಈ ಕೆಲಸ ಕಳಿಸುವ ಕಡೆಯೇ ಆಗಬೇಕು. ಒಂದೇ ವಿಡಿಯೊವನ್ನು 144ರಿಂದ ಹಿಡಿದು ಹಲವು ಅಳತೆಯಲ್ಲಿ ಮಾಡಿಟ್ಟುಕೊಳ್ಳುವವರಿಗೆ ಇನ್ನೊಂದು ಪ್ರತಿ ತೀರಾ ಭಾರವೇನಲ್ಲ. ಕ್ವಾಲಿಟಿ ಮೆನುವಿನ ಪಕ್ಕದಲ್ಲೇ ಫ್ರೇಮ್ ಆಯ್ಕೆಯನ್ನೂ ಕೊಡಲಿ.

ಅಲ್ಲಿಯವರೆಗೆ ಪಾಠ ಮಾಡುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ದಯವಿಟ್ಟು ಕ್ಯಾಮೆರಾವನ್ನು 30ಕ್ಕೆ ಇಟ್ಟುಕೊಳ್ಳಿ. ಘಾತಗಳನ್ನು ಸ್ವಲ್ಪ ದೊಡ್ಡದಾಗಿ ಬರೆದರೆ ಇನ್ನೂ ಉಪಕಾರ.

— ಒಬ್ಬ ಹಿರಿಯ ವಿದ್ಯಾರ್ಥಿ