ಮಂಗಳವಾರ ಶಟರ್ ಯಾಕೆ ಹಾಕಿತ್ತು ಅಂತ ಕೇಳಿದವರಿಗೆ

ನಮಸ್ಕಾರ. ಕಳೆದ ಮಂಗಳವಾರ ನಮ್ಮ ತಿಂಡಿ ಹೋಟೆಲಿಗೆ ಬಂದು ಶಟರ್ ನೋಡ್ಕೊಂಡು ವಾಪಸ್ ಹೋದವರಿಗೆಲ್ಲ ಮೊದಲು ಕ್ಷಮೆ ಕೇಳ್ತೀನಿ. ಬೋರ್ಡ್ ಹಾಕಿದ್ವಿ ನಿಜ, ಆದ್ರೆ ಬೆಳಗ್ಗೆ ಆರೂವರೆಗೆ ಕಾಫಿ ಇನ್ನೂ ಗಂಟಲಿಗೆ ಇಳಿಯೋ ಮುಂಚೆ ಯಾರು ಬೋರ್ಡ್ ಓದ್ತಾರೆ, ಗಲ್ಲಾದಲ್ಲಿ ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳ್ಬೇಕಿತ್ತು.

ಇನ್ಮೇಲೆ ಮಂಗಳವಾರ ಪೂರ್ತಿ ರಜೆ. ಮಿಕ್ಕ ದಿನ ಮಧ್ಯಾಹ್ನ 12ರಿಂದ 3.30ರ ತನಕ ಕ್ಲೋಸ್. ಗೋಬಿ, ನೂಡಲ್ಸ್, ಫ್ರೈಡ್ ರೈಸ್ ಇಲ್ಲ, ಡೆಲಿವರಿ ಆಪೂ ಇಲ್ಲ. ಇಡ್ಲಿ, ವಡೆ, ದೋಸೆ, ಖಾರಾಬಾತ್, ಕೇಸರಿಬಾತ್, ಕಾಫಿ ಟೀ, ಅಷ್ಟೆ.

"ರೇಟೂ ಏರಿಸ್ತೀರ, ರಜೆನೂ ಹಾಕ್ತೀರ, ದುಡ್ಡು ಜಾಸ್ತಿ ಆಯ್ತಾ ಸ್ವಾಮಿ?" ಈ ಮಾತು ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ರೇಟಿನ ವಿಷ್ಯ ಮೊದಲು ಹೇಳ್ಬಿಡ್ತೀನಿ. 2025ರ ಏಪ್ರಿಲ್ 1ಕ್ಕೆ ಹಾಲು ಲೀಟರಿಗೆ 4 ರೂಪಾಯಿ ಏರ್ತು, ಪ್ಯಾಕೆಟ್ಟಲ್ಲಿ ಜಾಸ್ತಿ ಬರ್ತಿದ್ದ 50 ಎಂಎಲ್ಲೂ ನಿಂತೋಯ್ತು. ಬ್ರೆಜಿಲಲ್ಲಿ ಮಳೆ ಬರ್ಲಿಲ್ಲ ಅಂತ ಮೈಸೂರಲ್ಲಿ ಬೈಟು ಕಾಫಿ ದುಬಾರಿ ಆಯ್ತು ಅಂದ್ರೆ ನಗ್ತೀರ, ಆದ್ರೆ ಚಿಕ್ಕಮಗಳೂರಿನ ಬೀಜದ ರೇಟೂ ಹೊರಗಿನ ಮಾರ್ಕೆಟ್ ನೋಡ್ಕೊಂಡೇ ಏರೋದು. 19 ಕೆಜಿ ಸಿಲಿಂಡರಿಗೆ ನಾವು 18 ಪರ್ಸೆಂಟ್ ಜಿಎಸ್‌ಟಿ ಕಟ್ತೀವಿ, ನಿಮ್ಮ ಬಿಲ್ಲಲ್ಲಿ ತಗೊಳ್ಳೋ 5 ಪರ್ಸೆಂಟಲ್ಲಿ ಅದನ್ನ ಮುರ್ಕೊಳ್ಳೋ ಹಾಗಿಲ್ಲ, ನೇರ ಸರ್ಕಾರಕ್ಕೆ ಹೋಗುತ್ತೆ. ಇದೆಲ್ಲ ನನ್ನ ಜೇಬಿಗೆ ಬಂತು ಅಂತ ತಿಳ್ಕೊಂಡ್ರೆ ಹೊಟ್ಟೆ ಉರಿಯುತ್ತೆ ಕಣ್ರೀ.

ರಜೆಯಿಂದ ನಂಗೆ ಲಾಭ ಇಲ್ಲ, ವಾರಕ್ಕೆ ಒಂದು ದಿನದ ವ್ಯಾಪಾರ ಹೋಯ್ತು, ಹುಡುಗ್ರ ಸಂಬಳದಲ್ಲಿ ಒಂದು ಪೈಸೆ ಹಿಡಿದಿಲ್ಲ. ಹಾಗಾದ್ರೆ ಯಾಕೆ ಅಂದ್ರೆ, ಎರಡು ತಿಂಗಳ ಹಿಂದೆ ಒಂದು ಭಾನುವಾರ ಸಾಂಬಾರಿಗೆ ಎರಡು ಸಲ ಉಪ್ಪು ಬಿತ್ತು, ನೆನಪಿರ್ಬೇಕು ನಿಮ್ಗೆ, ಬೈದಿದ್ರಿ. ಹಾಕ್ದೋನು ಬೆಳಗಿನ ಜಾವ ನಾಲ್ಕಕ್ಕೆ ಎದ್ದೋನು, ಒಂದು ಕೈಯಲ್ಲಿ ಸೌಟು, ಕಿವಿ ತುಂಬ ಆರ್ಡರ್ ಬಂತು ಅಂತ ಕಿರುಚೋ ಫೋನು. ಅದೇ ವಾರ ದೋಸೆ ಹಾಕೋನು ಕಾವಲಿಗೆ ಕೈ ತಗುಲಿಸ್ಕೊಂಡ, ನಿಂತಲ್ಲೇ ಕಣ್ಣು ಮುಚ್ಚಿತ್ತಂತೆ.

ರಜೆ ಮುಂಚೆ ಕೊಡ್ತಿರ್ಲಿಲ್ಲ ಅಂತಲ್ಲ, ವಾರಕ್ಕೊಂದು ಪೂರ್ತಿ ರಜೆ ಕೊಡಲೇಬೇಕು ಅಂತ 1961ರ ಅಂಗಡಿ ಕಾಯ್ದೆನೇ ಇದೆ, ಸರದಿ ಮೇಲೆ ಕೊಡ್ತಿದ್ವಿ. ಆದ್ರೆ ಒಬ್ಬ ರಜೆ ಹೋದ್ರೆ ಅವನ ಕೆಲಸ ಇನ್ನೊಬ್ಬನ ತಲೆಗೆ, ಯಾರಿಗಾದ್ರೂ ಜ್ವರ ಬಂದ್ರೆ ರಜೆಲಿ ಇದ್ದೋನಿಗೇ ನಾನು ಫೋನ್ ಮಾಡ್ತಿದ್ದೆ, ಅವನು ಬಂದ್ಬಿಡ್ತಿದ್ದ, ಪಾಪ. ಅದು ರಜೆನಾ? ಬಾಗಿಲೇ ಹಾಕಿದ್ರೆ ಮಾತ್ರ ಎಲ್ರಿಗೂ ನಿಜವಾದ ರಜೆ ಅಂತ ನಂಗೆ ತಡವಾಗಿ ಹೊಳೀತು. ಮಂಗಳವಾರ ಅಂದಿದ್ದಕ್ಕೆ ಹುಡುಗ್ರದ್ದೇ ತಕರಾರು, ಅವತ್ತು ಕಟಿಂಗ್ ಶಾಪೂ ಕ್ಲೋಸು, ಕೂದಲು ಯಾವಾಗ ಕತ್ತರಿಸೋದು ಅಂತ. ಮಿಕ್ಕ ದಿನ ಮಧ್ಯಾಹ್ನ ಮೂರೂವರೆ ಗಂಟೆ ಕಾಲ ಬಿಡುವಿದೆಯಲ್ಲ ಅಂದೆ, ಒಪ್ಕೊಂಡ್ರು.

ಗೋಬಿ ಮಿಸ್ ಆಗುತ್ತೆ ಅಂತ ಕಾಲೇಜ್ ಮಕ್ಕಳು ಬೇಜಾರ್ ಮಾಡ್ಕೊಂಡಿದಾರೆ, ಗೊತ್ತು. ನಮ್ಮ ಗೋಬಿ ಅಷ್ಟೇನೂ ಚೆನ್ನಾಗಿರ್ಲಿಲ್ಲ ಬಿಡಿ. ದೋಸೆ ವಿಷ್ಯದಲ್ಲಿ ಮಾತ್ರ ಆ ಮಾತು ಯಾರೂ ಹೇಳ್ಬಾರ್ದು, ಈಗ ಸಂಜೆ ಐದರ ದೋಸೆ ತಿಂದು ನೋಡಿ, ಬೆಳಗ್ಗೆ ಏಳರದ್ದಕ್ಕೂ ಅದಕ್ಕೂ ವ್ಯತ್ಯಾಸ ಸಿಕ್ರೆ ನಂಗೇ ಬಂದು ಹೇಳಿ.

ದಸರಾ ಟೈಮಲ್ಲಿ ಮಂಗಳವಾರನೂ ತೆಗೆದಿರ್ತೀವಿ, ಹುಡುಗ್ರಿಗೆ ಆ ರಜೆ ಆಮೇಲೆ ಸೇರಿಸಿ ಕೊಡ್ತೀವಿ. ಮನೇಲಿ ಒಬ್ರೇ ಇರೋ ಹಿರಿಯರು ಕೆಲವರು ತಿಂಡಿಗೆ ನಮ್ಮನ್ನೇ ನಂಬಿದೀರ, ನಿಮ್ಗೆ ಅಂತಲೇ ಸೋಮವಾರ ಸಂಜೆ ಇಡ್ಲಿ ಹಿಟ್ಟು, ಒಂದು ಸಣ್ಣ ಬಾಟ್ಲಿ ಡಿಕಾಕ್ಷನ್ ಕಟ್ಟಿಟ್ಟಿರ್ತೀನಿ, ಎಂಟು ಗಂಟೆ ಒಳಗೆ ಬನ್ನಿ.

ಇಂತಿ,
ಗಲ್ಲಾದಲ್ಲಿ ಕೂರೋನು