ಬಸವನಹುಳ ಎಣಿಸುವುದಕ್ಕೂ ಸಂಬಳ

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ಫೋನಿನಲ್ಲಿ ನೀನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ಬಸವನಹುಳ ಎಣಿಸೋಕೆ ದುಡ್ಡು ಕೊಡ್ತಾರಾ? ನಮ್ಮ ಗದ್ದೆಗೆ ಕಳ್ಸು ಮಾರಾಯ, ಎಣಿಸಿ ಆಚೆ ಬಿಸಾಕಲಿ" ಅಂದೆ. ನಾನೂ ನಕ್ಕೆ. ಆದರೆ ಆಮೇಲೆ ನಿನ್ನ ಮಗನಿಗೂ ಇಂಥದ್ದು ಸಿಗುತ್ತದಾ ಅಂತ ಕೇಳಿದೆಯಲ್ಲ, ಅದಕ್ಕೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ. ಅವನಂಥ ಬಿ.ಎಸ್ಸಿ. ಮಕ್ಕಳು ಇನ್ನೂ ಎಷ್ಟೋ ಜನ ಇರುತ್ತಾರೆ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೇಜಾರಾಗಬೇಡ.

ಡಿಗ್ರಿ ಓದುತ್ತಿರುವ ಮಗಳು ಈ ಬೇಸಿಗೆ ಪೂರ್ತಿ ಸಂಶೋಧನೆಯ ಕೆಲಸ ಅಂತ ಕೆಸರಿನಲ್ಲೇ ಇದ್ದಳು. ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪೂರ್ವಕ್ಕೆ ಗುಡ್ಡಗಳಿವೆ. ಜೂನ್ ಬಂದರೆ ಹುಲ್ಲೆಲ್ಲ ಒಣಗಿ ಹಳದಿ ಆಗುತ್ತದೆ. ಅಲ್ಲಲ್ಲಿ ದನಗಳು ನೀರು ಕುಡಿಯಲೆಂದು ಮಾಡಿದ ಸಣ್ಣ ಸಣ್ಣ ಹೊಂಡಗಳು. ಬೆಳಿಗ್ಗೆ ಎದೆ ಮಟ್ಟದ ರಬ್ಬರ್ ಪ್ಯಾಂಟ್ ಹಾಕಿಕೊಂಡು ಅದರೊಳಗೆ ಇಳಿಯುವುದು, ಬಲೆ ಎಳೆಯುವುದು, ಸಿಕ್ಕಿದ ಗೊದಮೊಟ್ಟೆ, ಕಪ್ಪೆಮರಿ, ಬಸವನಹುಳಗಳನ್ನು ಎಣಿಸಿ ಬರೆಯುವುದು. ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟು, ಬಲೆ ಎಲ್ಲ ತೊಳೆದು ಔಷಧಿ ಹಾಕಲೇಬೇಕು. ಇಲ್ಲದಿದ್ದರೆ ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರವನ್ನು ಇವರೇ ಊರೆಲ್ಲ ಹಂಚಿದ ಹಾಗಾಗುತ್ತದೆ. ಎರಡನೇ ವಾರಕ್ಕೇ ಪಾಯ್ಸನ್ ಓಕ್ ಅನ್ನುವ ಗಿಡ ತಾಗಿ ಕೈಯೆಲ್ಲ ಬೊಬ್ಬೆ. ನಮ್ಮ ಚೇರಿನ ಮರದ ಕುಟುಂಬಕ್ಕೇ ಸೇರಿದ್ದಂತೆ ಅದು. ಏಳನೇ ಕ್ಲಾಸಿನಲ್ಲಿ ನಾವಿಬ್ಬರೂ ಮುಖ ಊದಿಸಿಕೊಂಡು ಕೂತಿದ್ದು ನೆನಪಿದೆಯಾ?

ಅಸಲಿ ಕೆಲಸ ಶುರುವಾಗುವುದು ಸಂಜೆ ಮೇಲೆ. ತಂದ ಬಸವನಹುಳಗಳನ್ನು ಒಂದೊಂದು ಕೊಳವೆಗೆ ಒಂದೊಂದರಂತೆ ಶುದ್ಧ ನೀರಿನಲ್ಲಿ ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ನೋಡಿದರೆ ಕೆಲವು ಕೊಳವೆಗಳಲ್ಲಿ ನೀರೊಳಗೆ ಬಿಳಿ ಧೂಳು ಕುಣಿಯುತ್ತಿರುತ್ತದೆ. ಅದು ಧೂಳಲ್ಲ, ಬಾಲ ಇರುವ ಮರಿಹುಳಗಳು. ರೈಬಿರೋಯ ಅಂತ ಒಂದು ಪರಾವಲಂಬಿ. ಒಂದು ಬಸವನಹುಳ ಒಂದೇ ರಾತ್ರಿಯಲ್ಲಿ ಇಂಥವನ್ನು ನೂರಾರು ಹೊರಬಿಡುತ್ತದೆ. ಹುಳ ಹೊಕ್ಕ ಬಸವನಹುಳ ಮತ್ತೆ ಮೊಟ್ಟೆ ಇಡುವುದಿಲ್ಲ. ತಿನ್ನುತ್ತದೆ, ಓಡಾಡುತ್ತದೆ, ಆದರೆ ತಿಂದದ್ದೆಲ್ಲ ಒಳಗಿರುವ ಹುಳದ ಸಂಸಾರಕ್ಕೆ. "ಅಪ್ಪ, ಅದು ಬಸವನಹುಳ ಅಲ್ಲವೇ ಅಲ್ಲ, ಬಸವನಹುಳದ ವೇಷ" ಅಂದಳು ಮಗಳು. ಯಕ್ಷಗಾನ ನೋಡದ ಹುಡುಗಿ, ವೇಷ ಅನ್ನುವ ಮಾತು ಎಲ್ಲಿಂದ ಬಂತೋ!

ಹೊರಬಿದ್ದ ಮರಿಹುಳ ಗೊದಮೊಟ್ಟೆಯ ಮೈ ಹೊಕ್ಕುತ್ತದೆ. ಅದೂ ಎಲ್ಲಿ? ಹಿಂಗಾಲು ಮೊಳೆಯುವ ಜಾಗದ ಹತ್ತಿರ. ಹಾಗಾಗಿ ಕಪ್ಪೆಗೆ ಮೂರು, ನಾಲ್ಕು ಹಿಂಗಾಲು ಬರುತ್ತವೆ, ಇಲ್ಲವೇ ಒಂದೂ ಇರುವುದಿಲ್ಲ. ಸರಿಯಾಗಿ ನೆಗೆಯಲಾಗದ ಕಪ್ಪೆ ಬಕಪಕ್ಷಿಗೆ ಸುಲಭದ ತುತ್ತು. ಹುಳಕ್ಕೆ ಬೇಕಾಗಿದ್ದೂ ಅದೇ. ಹಕ್ಕಿಯ ಹೊಟ್ಟೆಯಲ್ಲಿ ಅದು ದೊಡ್ಡದಾಗಿ ಮೊಟ್ಟೆ ಇಡುತ್ತದೆ. ಹಿಕ್ಕೆಯ ಜೊತೆ ಮೊಟ್ಟೆ ನೀರಿಗೆ ಬೀಳುತ್ತದೆ, ಅಲ್ಲಿಂದ ಮತ್ತೆ ಬಸವನಹುಳಕ್ಕೆ. ದನದ ಸಗಣಿ, ಗೊಬ್ಬರ ನೀರಿಗೆ ಜಾಸ್ತಿ ಸೇರಿದಷ್ಟೂ ಪಾಚಿ ಜಾಸ್ತಿ, ಪಾಚಿ ಜಾಸ್ತಿಯಾದರೆ ಬಸವನಹುಳ ಜಾಸ್ತಿ. ಮುಂದಿನದನ್ನು ನೀನೇ ಊಹಿಸು.

1995ರಲ್ಲಿ ಇಲ್ಲಿನ ಮಿನೆಸೋಟಾ ರಾಜ್ಯದ ಶಾಲಾ ಮಕ್ಕಳು ಇಂಥ ಕಾಲು ಕೆಟ್ಟ ಕಪ್ಪೆಗಳನ್ನು ಕಂಡಾಗ ದೇಶವೆಲ್ಲ ಗಾಬರಿಯಾಗಿತ್ತು. ಕೀಟನಾಶಕ ಇರಬೇಕು ಅಂದರು, ಓಝೋನ್ ತೂತಾಗಿ ಬಿಸಿಲಿನ ವಿಷ ಬೀಳುತ್ತಿದೆ ಅಂದರು. ಈ ಹುಳವೂ ಕಾರಣ ಅಂತ ತೋರಿಸಿದವರಲ್ಲಿ ಪೀಟರ್ ಜಾನ್ಸನ್ ಅನ್ನುವ ಜೀವವಿಜ್ಞಾನಿ ಮುಖ್ಯ. ನಾನಿರುವ ಇದೇ ಸ್ಯಾಂಟಾ ಕ್ಲಾರಾ ಕೌಂಟಿಯ ಹೊಂಡಗಳನ್ನು ಸುತ್ತಿ, ಗೊದಮೊಟ್ಟೆಗಳಿಗೆ ಲ್ಯಾಬಿನಲ್ಲಿ ಹುಳ ತಾಗಿಸಿ ನೋಡಿ, 1999ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಆ ಕೆಲಸ ಶುರು ಮಾಡಿದಾಗ ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಇನ್ನೂ ಡಿಗ್ರಿ ಓದುತ್ತಿದ್ದ ಹುಡುಗ. ನಿನ್ನ ಮಗನಿಗೆ ಇದೊಂದನ್ನು ಮರೆಯದೆ ಹೇಳು. 2013ರಲ್ಲಿ ಅವರದೇ ತಂಡ 345 ಹೊಂಡಗಳ ಲೆಕ್ಕ ಕೊಟ್ಟಿತು. ಕಪ್ಪೆ ಜಾತಿಗಳು ಹೆಚ್ಚು ಇರುವ ಕಡೆ ಈ ಹುಳ ಹರಡುವುದು ಕಡಿಮೆ ಅಂತ. ಆ ಸಂಖ್ಯೆಯನ್ನು ನಾನು ಮೊದಲೂ ಎಲ್ಲೋ ಓದಿದ್ದೆ, ಓದಿ ಮುಂದೆ ಹೋಗಿದ್ದೆ. ಈಗ ಓದಿದರೆ ಕೆಸರು ಮೆತ್ತಿದ ರಬ್ಬರ್ ಪ್ಯಾಂಟ್ ಕಣ್ಣಮುಂದೆ ಬರುತ್ತದೆ.

ಇನ್ನು ದುಡ್ಡಿನ ಮಾತು. ಇಲ್ಲಿ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಡಿಗ್ರಿ ಓದುವವರಿಗೆ ಬೇಸಿಗೆಯಲ್ಲಿ ಸಂಶೋಧನೆ ಮಾಡಲು ಹಣ ಕೊಡುತ್ತದೆ. ಆರ್‌ಇಯು (ರಿಸರ್ಚ್ ಎಕ್ಸ್‌ಪೀರಿಯೆನ್ಸಸ್ ಫಾರ್ ಅಂಡರ್‌ಗ್ರಾಜುಯೇಟ್ಸ್) ಅಂತಾರೆ. ಎಂಟು ಹತ್ತು ವಾರ, ವಾರಕ್ಕೆ ಸುಮಾರು 600ರಿಂದ 700 ಡಾಲರ್. ಇರಲು ಜಾಗವನ್ನೂ ಎಷ್ಟೋ ಕಡೆ ಕೊಡುತ್ತಾರೆ. ಹೋದ ವರ್ಷ ಮಗಳಿಗೆ ಒಂದು ಲ್ಯಾಬಿನಲ್ಲಿ ಅವಕಾಶ ಇತ್ತು, ಸಂಬಳ ಇಲ್ಲ. ಹೆಸರು ಬೇಡ ಬಿಡು. "ಅನುಭವ ಸಿಗುತ್ತಲ್ಲ" ಅಂದರು. ಅನುಭವಕ್ಕೆ ಬಾಡಿಗೆ ಕಟ್ಟಲಾಗುತ್ತದಾ? ಅವಳು ಬೇಸಿಗೆಯೆಲ್ಲ ಕಾಫಿ ಅಂಗಡಿಯಲ್ಲಿ ನಿಂತಳು. ಪುಕ್ಕಟೆ ದುಡಿಯುವ ಶಕ್ತಿ ಇರುವುದು ಉಳ್ಳವರ ಮಕ್ಕಳಿಗೆ ಮಾತ್ರ. ಈ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಬಸವನಹುಳ ಎಣಿಸುವುದು ನಗುವ ಕೆಲಸ ಅಂತ ನಿನಗೆ ಅನ್ನಿಸಿದ್ದು ಸಹಜ. ಆದರೆ ಅದನ್ನು ಕೆಲಸ ಅಂತ ಒಪ್ಪಿ ಸಂಬಳ ಕೊಟ್ಟಿದ್ದಕ್ಕೇ ಅವಳು ಈ ವರ್ಷ ಅಲ್ಲಿಗೆ ಹೋಗಲು ಆಗಿದ್ದು.

ನಿನ್ನ ಮಗನಿಗೆ ಇದು ಸಿಗುವುದಿಲ್ಲ. ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಏಜೆಂಟರು ಬೇರೆ ಏನಾದರೂ ಹೇಳಿದರೆ ನಂಬಬೇಡ. ಅಲ್ಲಿ ಭಾರತದಲ್ಲೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನವರ ಬೇಸಿಗೆ ಫೆಲೋಶಿಪ್ ಇದೆ, ಎರಡು ತಿಂಗಳಿನದ್ದು. ಬೆಂಗಳೂರಿನ ಜವಾಹರಲಾಲ್ ನೆಹರೂ ಸೆಂಟರ್‌ನದ್ದೂ ಇದೆ. ಎರಡಕ್ಕೂ ಖರ್ಚಿನ ಹಣ ಕೊಡುತ್ತಾರೆ. ಬೇಸಿಗೆ ಬಂದ ಮೇಲೆ ಹುಡುಕಿದರೆ ಆಗದು, ಚಳಿಗಾಲದಿಂದಲೇ ಕಣ್ಣಿಟ್ಟಿರಬೇಕು. ಅಕಾಡೆಮಿಯದ್ದಕ್ಕೆ ಮೇಷ್ಟ್ರುಗಳೂ ಅರ್ಜಿ ಹಾಕಬಹುದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ನೀನೂ ಹಾಕು, ನಾಚಿಕೆ ಏನು?

ಹುಳವನ್ನಂತೂ ಅವನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾಟಿ ಸಮಯದಲ್ಲಿ ಆಳುಗಳ ಕಾಲು ತುರಿಸುತ್ತದಲ್ಲ, ಅದಕ್ಕೆ ಒಂದು ಕಾರಣ ಇದೇ ಬಗೆಯ ಮರಿಹುಳ. ನಿಮ್ಮ ಗದ್ದೆಯಲ್ಲಿರುವ, ಚಕ್ಕುಲಿ ಸುತ್ತಿದ ಹಾಗೆ ಚಪ್ಪಟೆಯಾಗಿರುವ ಬಸವನಹುಳದಿಂದ ಅದು ಬರುತ್ತದೆ. ದನಗಳಿಗೆ ಗೊರಕೆ ರೋಗ ತರುವ ಹುಳವೂ ಅದೇ ಬಸವನಹುಳದಲ್ಲಿ ಬೆಳೆಯುವಂಥದ್ದು.

ಮಳೆ ಸ್ವಲ್ಪ ಬಿಟ್ಟ ಮೇಲೆ ಅವನಿಗೆ ಒಂದು ಕೆಲಸ ಹೇಳು. ಕೈಗವಸು ಹಾಕಿಕೊಂಡು ಇಪ್ಪತ್ತು ಬಸವನಹುಳ ಹಿಡಿದು, ಒಂದೊಂದು ಗಾಜಿನ ಲೋಟಕ್ಕೆ ಒಂದೊಂದು ಹಾಕಲಿ. ಬಾವಿ ನೀರು ಸಾಕು. ಮಾರನೇ ದಿನ ಬೆಳಿಗ್ಗೆ ಬಿಸಿಲಿಗಿಟ್ಟು, ಹಿಂದೆ ಕಪ್ಪು ಬಟ್ಟೆ ಹಿಡಿದು ನೋಡಲಿ. ಎಷ್ಟು ಲೋಟದಲ್ಲಿ ಧೂಳು ಕುಣಿಯಿತು ಅಂತ ನನಗೆ ಬರೆಯಲಿ, ಒಂದೂ ಇಲ್ಲದಿದ್ದರೆ ಸೊನ್ನೆ ಅಂತ ಬರೆಯಲಿ. ನೀರಿಗೆ ಬರಿಗೈ ಅದ್ದುವುದು ಬೇಡ. ಆ ಲೋಟಗಳನ್ನು ಅಡುಗೆಮನೆಯಿಂದ ತಂದದ್ದು ಅಂತ ನಿನ್ನ ಹೆಂಡತಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವುದು ನಿನಗೆ ಬಿಟ್ಟದ್ದು.

ನಿನ್ನ
ಹಳೇ ಬೆಂಚಿನ ಗೆಳೆಯ